ಒಂದು ಅಂಗಿ, ಎರಡು ಹೊಗೆ

ಕಿರಿಯಳಿಯನಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಮೂಲ ಅವನ ಅಂಗಿ. ಅಂಗಿಯದೇನೂ ತಪ್ಪಿರಲಿಲ್ಲ ಪಾಪ, ಅದನ್ನು ಹಾಕಿಕೊಂಡವನು ಹೋಗಿ ಕೂತ ಜಾಗ ಸರಿಯಿರಲಿಲ್ಲ ಅಷ್ಟೆ.

ಅವನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಸಂಸಾರ ಹೂಡಿದ್ದು ಮಾವನ ಮಹಡಿಯಲ್ಲಿ. ಕೆಳಗೆ ಮಾವನ ಅಂಗಡಿ. ಇದ್ದಿಲ ಕೆಂಡದ ಮೇಲೆ ಮಾಂಸ ಸುಟ್ಟು ಕೊಡುವುದು ಅವರ ಕಸುಬು. ಅದಕ್ಕೊಂದು ಬೋರ್ಡೂ ಇರಲಿಲ್ಲ, ಹೊಗೆಯ ಜಾಡು ಹಿಡಿದು ಜನ ತಾವಾಗಿಯೇ ಬರುತ್ತಿದ್ದರು. ಈಗ ಎದುರು ಸಾಲಿನಲ್ಲೇ ಒಂದು ಬಾರ್ಬೆಕ್ಯೂ ಹೋಟೆಲ್ ಬಂದಿತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಮೇಜಿನ ಮಧ್ಯದಲ್ಲೇ ಸಣ್ಣ ಒಲೆ. ದೊಡ್ಡಳಿಯ ಅಲ್ಲಿಗೆ ಹೋಗಿ ತಿಂದು ಬಂದನಂತೆ. ಮರುದಿನ ನೋಡಿದರೆ ಮಹಡಿಯಲ್ಲಿ ಅವನ ಪಾಲಿನ ಎರಡು ಕೋಣೆ ಖಾಲಿ. ಏನಾಯಿತೆಂದು ಮಾವ ಬಾಯಿ ಬಿಡಲಿಲ್ಲ, ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ದೊಡ್ಡಳಿಯ ಈಗ ಬಸ್ ನಿಲ್ದಾಣದ ಹಿಂದೆ, ಕಿಟಕಿಯೇ ಇಲ್ಲದ ಬಾಡಿಗೆ ಕೋಣೆಯಲ್ಲಿದ್ದಾನೆ.

"ರೀ, ಆ ಹೋಟೆಲ್ ಕಡೆ ತಲೆ ಕೂಡ ತಿರುಗಿಸ್ಬೇಡಿ," ಎಂದು ಹೆಂಡತಿ ದಿನಾ ಹೇಳಿ ಕಳಿಸುತ್ತಿದ್ದಳು. "ಅಪ್ಪನ ಮೂಗು ಗೊತ್ತಲ್ಲ. ಹೊಗೆ ಮೂಸಿದ್ರೆ ಸಾಕು, ಯಾವ ಸೌದೆ ಅಂತ ಹೇಳ್ತಾರೆ."

ತಲೆ ತಿರುಗಿಸದೇ ಇದ್ದ. ಆದರೆ ಅಂದು ಕನ್ನಡಕದಂಗಡಿ ಯಜಮಾನರಿಗೆ ಮೊಮ್ಮಗಳು ಹುಟ್ಟಿಬಿಟ್ಟಳು.

"ನಡೀರಿ ಎಲ್ಲಾ, ಹೊಸ ಹೋಟೆಲ್‌ಗೆ. ಊಟ ನಂದು."

"ಸಾರ್, ನಂಗೆ ಹೊಟ್ಟೆ ಸರಿಯಿಲ್ಲ," ಎಂದ ಕಿರಿಯಳಿಯ.

"ತಿನ್ಬೇಡಿ, ಸುಮ್ನೆ ಬಂದು ಕೂತ್ಕೊಳ್ಳಿ. ನೀವೊಬ್ರು ಬರ್ದೇ ಇದ್ರೆ ನನ್ನ ಮೊಮ್ಮಗಳಿಗೆ ಅವಮಾನ."

ಅಲ್ಲಿ ಸುಮ್ಮನೆ ಕೂರುವುದು ಯಾರಿಂದಾದೀತು? ಮೊದಲು ನೀರು ಕುಡಿದ. ಆಮೇಲೆ ಒಂದು ಈರುಳ್ಳಿ ಚೂರು. ಆಮೇಲೆ ಮೂಗಿನ ಕೆಳಗೇ ಚುಯ್ಗುಡುತ್ತಿದ್ದ ಕೋಳಿಯ ತುಂಡೊಂದನ್ನು ಯಾರೋ ತಟ್ಟೆಗೆ ಹಾಕಿದರು. ಬಾಯಿಗಿಟ್ಟರೆ ಬೆಣ್ಣೆ. ಮಾವನ ಮಾಂಸವನ್ನು ಅಗಿದೂ ಅಗಿದೂ ದವಡೆ ಗಟ್ಟಿಯಾಗಿದ್ದ ಅವನಿಗೆ, ಅಗಿಯುವ ಮೊದಲೇ ತುಂಡು ಗಂಟಲಿಗಿಳಿದದ್ದು ತಿಳಿದು ಕಣ್ಣು ತುಂಬಿ ಬಂತು. ಆಮೇಲೆ ಎಷ್ಟು ತಿಂದನೋ ಅವನಿಗೇ ಗೊತ್ತಿಲ್ಲ.

ಬೀದಿಗಿಳಿದ ಮೇಲೆ ಕಾಲರ್ ಮೂಸಿ ನೋಡಿಕೊಂಡ.  ಹೊಸ ಹೋಟೆಲಿನವರದು ಅದೇನೋ ಸಿಹಿ ವಾಸನೆಯ ಸೌದೆ. ಅಂಗಿಯ ಎಳೆ ಎಳೆಗೂ ಹತ್ತಿಕೊಂಡಿತ್ತು. ಕಿಟಕಿಯಿಲ್ಲದ ಆ ಕೋಣೆ ಕಣ್ಣಿಗೆ ಕಟ್ಟಿತು. ಓಡಿದ್ದು ಇಸ್ತ್ರಿ ಅಂಗಡಿಗೆ.

ಇಸ್ತ್ರಿಯವನು ಅಂಗಿಯ ಹತ್ತಿರ ಮೂಗು ತರಲೂ ಇಲ್ಲ. "ಹೊಸ ಹೋಟೆಲ್ಲಾ? ಹೇಗಿತ್ತು ಊಟ?" ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸಿದ.

"ಮೆಲ್ಲಗೆ ಮಾತಾಡಪ್ಪ. ಇದು ಹೋಗೋಕೆ ಏನ್ ಮಾಡ್ಬೇಕು?"

"ಎರಡು ಸಲ ಒಗೆದ್ರೂ ಹೋಗಲ್ಲ. ಒಂದ್ ಕೆಲ್ಸ ಮಾಡಿ. ಸೀದಾ ನಿಮ್ಮ ಮಾವನ ಒಲೆ ಮುಂದೆ ಹೋಗಿ ನಿಂತ್ಕೊಳ್ಳಿ. ಆ ಹೊಗೆ ಹತ್ತಿದ್ರೆ ಈ ಹೊಗೆ ಎಲ್ಲಿ ಕಾಣುತ್ತೆ?"

ಬೇರೆ ದಾರಿ ಇರಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದವನೇ ಮಾವನ ಕೈಯಿಂದ ಬೀಸಣಿಗೆ ಕಸಿದುಕೊಂಡ. "ನೀವು ಕೂತ್ಕೊಳ್ಳಿ ಮಾವ, ನಾನು ಬೀಸ್ತೀನಿ."

ಮಾವ ಬೆರಗಾಗಿ ನೋಡಿದರು. ಮದುವೆಯಾದಾಗಿನಿಂದ ಈ ಅಳಿಯ ಒಲೆಯ ಹತ್ತಿರ ಸುಳಿದವನಲ್ಲ. ಅವನೋ ಗಾಳಿ ತಿರುಗಿದ ಕಡೆಗೆಲ್ಲ ತಾನೂ ತಿರುಗುತ್ತ, ಬೆನ್ನಿಗೆ, ಕಂಕುಳಿಗೆ, ಕಾಲರಿಗೆ ಹೊಗೆ ತುಂಬಿಕೊಂಡ. ಕಣ್ಣಿಂದ ಧಾರಾಕಾರ ನೀರು. ಮಾವನಿಗೆ ಕರುಳು ಚುರುಕ್ಕೆಂದಿತು. ತಟ್ಟೆ ತುಂಬ ಮಾಂಸ ತಂದು ಮುಂದಿಟ್ಟರು.

"ದಣಿದಿದೀರಿ. ತಿನ್ನಿ ಅಳಿಯಂದ್ರೆ."

ಬೇಡವೆಂದರೆ ಎಲ್ಲಿ ತಿಂದೆ ಎಂಬ ಪ್ರಶ್ನೆ ಬರುತ್ತದೆ. ತಿಂದ. ಒಂದೊಂದು ತುಂಡನ್ನೂ ಉಗುಳಲಾರದೆ ನುಂಗಲಾರದೆ ಅಗಿದ. ತಟ್ಟೆ ಖಾಲಿಯಾಗುವ ಹೊತ್ತಿಗೆ ಹೊಟ್ಟೆಯೊಳಗಿನಿಂದ ಒಂದು ದೊಡ್ಡ ತೇಗು ಎದ್ದಿತು. ಸಿಹಿ ಸೌದೆಯ ವಾಸನೆಯ ತೇಗು, ನೇರ ಮಾವನ ಮೂಗಿಗೆ.

ಮಾವನ ಮೂಗಿನ ಹೊಳ್ಳೆ ಅರಳಿತು. "ಒಳಗೆ ಬನ್ನಿ," ಎಂದರು. ಇದ್ದಿಲು ಮೂಟೆ ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದರು. ಕಿರಿಯಳಿಯನಿಗೆ ತನ್ನ ಮಂಚವನ್ನು ಮೆಟ್ಟಿಲಿಂದ ಇಳಿಸುವುದು ಹೇಗೆಂದು ಆಗಲೇ ಯೋಚನೆ ಶುರುವಾಗಿತ್ತು.

"ಅಲ್ಲಿ ತಿಂದಿದೀರಿ. ಇಲ್ಲೂ ತಿಂದಿದೀರಿ. ಈಗ ನಿಜ ಹೇಳಿ, ಯಾವ್ದು ಚೆನ್ನಾಗಿದೆ?"

ಮುಳುಗುವವನಿಗೆ ಹಗ್ಗ ಸಿಕ್ಕಂತಾಯಿತು. "ಅಯ್ಯೋ ಮಾವ, ಇದೆಂಥ ಮಾತು. ನಿಮ್ಮ ಮುಂದೆ ಅದೂ ಒಂದು ಊಟಾನಾ? ಮಾಂಸ ಅಂದ್ರೆ ಹಲ್ಲಿಗೆ ಸಿಗ್ಬೇಕು. ಅಲ್ಲಿ ಬಾಯಿಗೆ ಹಾಕಿದ್ದು ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ."

ಮಾವ ಇದ್ದಿಲು ಮೂಟೆಯ ಮೇಲೆ ಕುಸಿದು ಕೂತರು. "ಹಾಗಾದ್ರೆ ನನ್ನ ಹಣೆಬರಹ. ಮಂಡಿ ಸವೆದು ಹೋಗಿದೆ ಅಳಿಯಂದ್ರೆ, ನಿಲ್ಲೋಕಾಗಲ್ಲ. ಆ ಹೋಟೆಲಿನವನದ್ದೇ ಚೆನ್ನಾಗಿದೆ ಅಂತ ಮನೆಯೋರು ಯಾರಾದ್ರೂ ಒಬ್ರು ಹೇಳ್ಲಿ, ಒಲೆ ಆರಿಸಿ ನೆಮ್ಮದಿಯಾಗಿರ್ತೀನಿ ಅಂತ ಕಾಯ್ತಿದ್ದೆ. ಈ ಜಾಗದಲ್ಲಿ ನಿಮಗೊಂದು ಸ್ವಂತ ಕನ್ನಡಕದಂಗಡಿ ಹಾಕ್ಸಿಕೊಡೋಣ ಅಂತಾನೂ ಇದ್ದೆ."

ಕಿರಿಯಳಿಯ ತಟ್ಟನೆ ಮಾತು ತಿರುಗಿಸಿದ. "ಅಲ್ಲ ಮಾವ, ಯೋಚಿಸಿ ನೋಡಿದ್ರೆ ಅವರದ್ದೂ ಚೆನ್ನಾಗೇ ಇತ್ತು. ತುಂಬಾ ಚೆನ್ನಾಗಿತ್ತು."

"ಬೇಡ. ನನ್ನ ಮೇಲಿನ ಕನಿಕರಕ್ಕೆ ಸುಳ್ಳು ಹೇಳ್ಬೇಡಿ," ಮಾವ ಅವನ ಕೈ ಹಿಡಿದುಕೊಂಡರು. "ಇಷ್ಟು ರುಚಿಯಿರೋ ಒಲೇನ ಆರಿಸೋಕಾಗುತ್ತಾ? ಇವತ್ತು ಕರೀದೇನೇ ಬಂದು ಹೊಗೆಯಲ್ಲಿ ನಿಂತ್ರಲ್ಲ, ಆಗ್ಲೇ ನಂಗೆ ಗೊತ್ತಾಯ್ತು. ಆ ಕೆಲ್ಸ ಬಿಟ್ಟುಬಿಡಿ. ನಾಳೆಯಿಂದ ಈ ಒಲೆ ನಿಮ್ದು."

"ಮತ್ತೆ ದೊಡ್ಡಳಿಯಂದ್ರು?"

"ಅವರೂ ತಿಂದು ಬಂದು ಇದೇ ಮಾತು ಹೇಳಿದ್ರು. ಹಾಗಾದ್ರೆ ಒಲೆ ನೀವೇ ನೋಡ್ಕೊಳ್ಳಿ ಅಂದೆ. ಬೆಳಗಾಗೋದ್ರೊಳಗೆ ಗಂಟುಮೂಟೆ ಕಟ್ಕೊಂಡು ಹೋದ್ರು. ನೀವು ಅಂಥೋರಲ್ಲ."

ಮಹಡಿ ಹತ್ತಿ ಬಂದ ಗಂಡನ ಅಂಗಿಯನ್ನು ಹೆಂಡತಿ ಬಾಗಿಲಲ್ಲೇ ಮೂಸಿದಳು. ಅವಳ ಮುಖ ಅರಳಿತು. "ಸದ್ಯ, ಅಪ್ಪನ ಒಲೆ ವಾಸನೇನೇ. ಇಸ್ತ್ರಿಯವನು ಏನೇನೋ ಹೇಳಿ ನನ್ನ ಜೀವ ಬಾಯಿಗೆ ತಂದಿದ್ದ. ಕೊಡಿ, ಒಗೆಯೋಕೆ ಹಾಕ್ತೀನಿ."

"ಒಗೆದು ಏನ್ ಪ್ರಯೋಜನ," ಎಂದ ಅವನು ಗೋಡೆಗೊರಗಿ ಕೂತ. "ಬಸ್ ನಿಲ್ದಾಣದ ಹಿಂದೆ ಇನ್ನೊಂದು ಕೋಣೆ ಖಾಲಿ ಇದೆಯಾ ಅಂತ ನಿಮ್ಮ ಭಾವನ್ನ ಕೇಳು. ಕಿಟಕಿ ಇಲ್ದಿದ್ರೂ ಪರವಾಗಿಲ್ಲ."