ಅಧ್ಯಕ್ಷರಿಗೆ ಮಕ್ಕಳೆಷ್ಟು?

ಸಿಡ್ನಿಯ ನಮ್ಮ ಮನೆಯಲ್ಲಿ ಇದ್ದದ್ದು ಮೂವರೇ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಾಲ್ಕನೆಯವರು ಅಮೆರಿಕದ ಮೊಟ್ಟಮೊದಲ ಅಧ್ಯಕ್ಷರು! ಸತ್ತು ಇನ್ನೂರು ವರ್ಷವಾಗುತ್ತ ಬಂದಿದ್ದರೂ ಊಟದ ಹೊತ್ತಿಗೆ ತಪ್ಪದೆ ಹಾಜರು. ಕರೆತರುತ್ತಿದ್ದವರು ನಮ್ಮ ಅಂಕಲ್.

ಅಂಕಲ್ ಎಂದರೆ ನನ್ನಮ್ಮನ ಎರಡನೆಯ ಗಂಡ, ಸಿಡ್ನಿಯಲ್ಲೇ ಕ್ಲಿನಿಕ್ ಇಟ್ಟಿದ್ದ ಮೈಸೂರಿನ ಹಲ್ಲಿನ ಡಾಕ್ಟರು. ಅಪ್ಪ ತೀರಿಕೊಂಡ ಮೂರು ವರ್ಷಕ್ಕೆ, ಎಂಬತ್ತರ ದಶಕದ ಕೊನೆಯಲ್ಲಿ, ಅಮ್ಮನನ್ನು ಮದುವೆಯಾದರು. ಆಗ ನನಗೆ ಎಂಟು ವರ್ಷ. ಮೊದಲ ದಿನವೇ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಿಮ್ಮಪ್ಪನ ಜಾಗಕ್ಕೆ ಬಂದಿಲ್ಲಮ್ಮ ನಾನು. ಅಂಕಲ್ ಅನ್ನು, ಸಾಕು" ಎಂದರು. ನಾನೂ ಮಹಾ ಮೊಂಡಿ. ಹತ್ತು ವರ್ಷ ಅಷ್ಟನ್ನೇ ಅಂದೆ.

ಅಧ್ಯಕ್ಷರ ನಂಟು ಶುರುವಾದದ್ದು ಹಲ್ಲಿನಿಂದ. ಪಾಪ, ಪಟ್ಟಕ್ಕೆ ಬರುವ ಹೊತ್ತಿಗೆ ಬಾಯಲ್ಲಿ ಉಳಿದದ್ದು ಒಂದೇ ಹಲ್ಲಂತೆ! ಯಾರೋ ಒಮ್ಮೆ "ಮರದ ಹಲ್ಲು ಕಟ್ಟಿಸ್ಕೊಂಡಿದ್ರಂತಲ್ಲ?" ಎಂದದ್ದೇ ತಪ್ಪಾಯಿತು. ಅಂದಿನಿಂದ ಕುರ್ಚಿಯಲ್ಲಿ ಕೂತ ಪ್ರತಿ ಪೇಷೆಂಟಿಗೂ, "ಮರ ಅಲ್ಲ, ನೀರಾನೆ ದಂತ!" ಎಂದು ಅರ್ಧ ಗಂಟೆ ಪಾಠ. ಬಾಯಿ ತುಂಬ ಹತ್ತಿ ತುರುಕಿಸಿಕೊಂಡವರು ಎದುರು ಮಾತಾಡುವುದಾದರೂ ಹೇಗೆ?

ಆಮೇಲೆ ನಾಯಿ ಬಂತು. ಅಧ್ಯಕ್ಷರ ನಾಯಿಯ ಹೆಸರನ್ನೇ ಇಡಬೇಕೆಂದು ಹಟ. ಏನು ಹೆಸರು ಗೊತ್ತೇ? 'ಸ್ವೀಟ್ ಲಿಪ್ಸ್'! ಬೆಳಗಾದರೆ ನಮ್ಮ ಪೆಂಡಲ್ ಹಿಲ್ ಬಡಾವಣೆಯ ರಸ್ತೆಯಲ್ಲಿ ಪಂಚೆಯುಟ್ಟು ನಿಂತು, "ಸ್ವೀಟ್ ಲಿಪ್ಸ್, ಕಮ್ ಹಿಯರ್!" ಎಂದು ಕೂಗುವುದು. ಎದುರುಮನೆಯ ಬಿಳಿಯ ಅಜ್ಜಿ ಒಂದು ದಿನ ನಾಚಿಕೊಂಡು ಕೈಬೀಸಿತು.

"ರೀ, ರಾಣಿ ಅಂತ ಕರೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದು ಅಮ್ಮ ಹಣೆ ಚಚ್ಚಿಕೊಂಡರು.

"ರಾಜರಾಣಿಯರನ್ನ ಓಡಿಸಿದ ಮನುಷ್ಯ ಕಣೇ ಅವನು!" ಎಂದರು ಅಂಕಲ್.

ಒಮ್ಮೆ ಸ್ಕೂಲಿನಲ್ಲಿ ಯಾರಾದರೊಬ್ಬ ನಾಯಕನ ಬಗ್ಗೆ ಬರೆಯಬೇಕಿತ್ತು. ಮನೆಯಲ್ಲೇ ಅಧ್ಯಕ್ಷರಿರುವಾಗ ಬೇರೆಯವರೇಕೆ? ಲೈಬ್ರರಿ ಪುಸ್ತಕ ನೋಡಿ, 'ಮಕ್ಕಳಿರಲಿಲ್ಲ' ಎಂದು ಬರೆದೆ. ಎಂದೂ ಗದರದ ಅಂಕಲ್ ಕೆಂಪಗಾದರು.

"ಯಾರು ಹೇಳಿದ್ದು? ಇಬ್ರು ಮಕ್ಕಳು!"

"ಅವ್ರು ಹೆಂಡ್ತಿಯ ಮಕ್ಳು ಅಂಕಲ್. ಮೊದಲ್ನೇ ಗಂಡನ ಮಕ್ಳು. ನಾಟ್ ಹಿಸ್."

"ಲಂಡನ್ನಿಂದ ಆಟದ ಸಾಮಾನು ತರಿಸಿದ್ದು ಯಾರು? ಹುಡುಗ ಓದಲ್ಲ ಅಂತ ಮೇಷ್ಟ್ರ ಹತ್ರ ಒದ್ದಾಡಿದ್ದು ಯಾರು? ಹುಡುಗಿಗೆ ಫಿಟ್ಸ್ ಬಂದ್ರೆ ಡಾಕ್ಟರನ್ನ ಹುಡುಕಿದ್ದು ಯಾರು? ಇಬ್ರು ಅಂತ ಬರಿ!"

ಬರೆದೆ. ಟೀಚರ್ ತಪ್ಪು ಹಾಕಿದರು. ಅಂಕಲ್ ಕ್ಲಿನಿಕ್ ಮುಚ್ಚಿ ಸ್ಕೂಲಿಗೇ ಹೋಗಿ, ವಾದ ಮಾಡಿ ಅರ್ಧ ಮಾರ್ಕು ಗಿಟ್ಟಿಸಿಕೊಂಡು ಬಂದರು. ಜೊತೆಗೆ ಟೀಚರ್ ಬಾಯಲ್ಲಿದ್ದ ಎರಡು ಹುಳುಕು ಹಲ್ಲನ್ನೂ ಪತ್ತೆ ಮಾಡಿದ್ದರು!

ಮುಂದೆ ನನಗೆ ಮೆಲ್ಬರ್ನಿನಲ್ಲಿ ಯೂನಿವರ್ಸಿಟಿ ಸೀಟು ಸಿಕ್ಕಿತು. ಅಮ್ಮನಿಗೆ ಆಸ್ಪತ್ರೆ ಡ್ಯೂಟಿ. ನನ್ನನ್ನೂ ಕುಕ್ಕರನ್ನೂ ಹೇರಿಕೊಂಡು ಅಂಕಲ್ ಒಬ್ಬರೇ ಹನ್ನೆರಡು ಗಂಟೆ ಕಾರು ಓಡಿಸಿದರು. ದಾರಿಯುದ್ದಕ್ಕೂ ಅಧ್ಯಕ್ಷರ ಸಂಸಾರದ್ದೇ ಮಾತು. ನನಗೆ ರೂಮು ಬಾಡಿಗೆಗೆ ಕೊಟ್ಟವರು ಕನ್ನಡದ ಆಂಟಿಯೊಬ್ಬರು. ಟೀಗೆ ನೀರಿಡುತ್ತ ಅಂಕಲ್ಲನ್ನು ಕೇಳಿದರು: "ನಿಮ್ಗೆಷ್ಟು ಜನ ಮಕ್ಳು?"

ಊರನ್ನೆಲ್ಲ ವಾದಕ್ಕೆಳೆದ ಮನುಷ್ಯ ಕಾರಿನ ಕೀಲಿ ತಿರುವತೊಡಗಿದರು. "ನಂಗಾ... ಅಂದ್ರೆ... ಇವಳು ನಮ್ಮನೆಯವ್ರ ಮಗಳು" ಎಂದು ತಡವರಿಸಿ, ಎಲ್ಲಿ ತಪ್ಪಾಯಿತೋ ಎಂಬಂತೆ ನನ್ನ ಮುಖ ನೋಡಿದರು. ಎಂಟು ವರ್ಷದ ಹುಡುಗಿಗೆ ಕೊಟ್ಟ ಮಾತನ್ನು ಇನ್ನೂ ಪಾಲಿಸುತ್ತಿದ್ದರು! ಎಂದೋ ಸತ್ತವನ ಪರವಾಗಿ ಸ್ಕೂಲಿಗೆ ಹೋಗಿ ಜಗಳವಾಡಿದವರು ತಮಗಾಗಿ ಒಂದೇ ಒಂದು ಮಾತು ಕೇಳಿರಲಿಲ್ಲವಲ್ಲ.

"ಒಬ್ಳೇ ಆಂಟಿ, ನಾನೇ" ಎಂದೆ. "ಅಪ್ಪಂಗೆ ಟೀ ಆಗಲ್ಲ. ಕಾಫಿ ಇದ್ರೆ ಕೊಡಿ."

ಕಾಫಿ ಬಂತು. ಒಂದು ಗುಟುಕು ಕುಡಿದವರೇ ಲೋಟ ಇಟ್ಟು ಹಿತ್ತಿಲಿಗೆ ಹೋಗಿ, ಗೋಡೆಯ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಳ್ಳತೊಡಗಿದರು.

"ಅಯ್ಯೋ, ಕಾಫಿ ಅಷ್ಟು ಕೆಟ್ಟದಾಗಿದ್ಯಾ?" ಎಂದು ಆಂಟಿ ಗಾಬರಿಯಾದರು. ಇಲ್ಲವೆಂದು ತಲೆಯಾಡಿಸಿ, ಲೋಟವೆತ್ತಿಕೊಂಡು ನಾನೂ ಹಿತ್ತಿಲಿಗೆ ಹೋದೆ.