ಬಸಿಯಷ್ಟು ಜಾಗದಲ್ಲಿ ಐದು ಗುಂಡು

ತಪ್ಪು ಹೊರಿಸುವುದಕ್ಕೆ ಜೀವವಿಲ್ಲದ ವಸ್ತುವಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದು ಎದುರು ಮಾತಾಡುವುದಿಲ್ಲ, ಮುನಿಸಿಕೊಂಡು ತವರಿಗೆ ಹೋಗುವುದಿಲ್ಲ, ನಾಲ್ಕು ಜನರ ಮುಂದೆ ಹಳೆಯ ಕಥೆ ತೆಗೆಯುವುದಿಲ್ಲ. ಬಳ್ಳಾರಿಯಲ್ಲಿ ನನ್ನದೊಂದು ಜೀನ್ಸ್ ಹೊಲಿಯುವ ಸಣ್ಣ ಕಾರ್ಖಾನೆಯಿದೆ. ಅಲ್ಲಿ ದಿನಕ್ಕೆ ಹತ್ತು ಸಲ ಇದನ್ನೇ ನೋಡುತ್ತೇನೆ. ಜೇಬು ಸೊಟ್ಟಾದರೆ ಸೂಜಿ ಸರಿಯಿಲ್ಲ, ಜಿಪ್ಪಿನ ಪಟ್ಟಿ ಸುಕ್ಕಾದರೆ ದಾರ ಸರಿಯಿಲ್ಲ, ಒಂದೇ ಪ್ಯಾಂಟಿನ ಎರಡು ಕಾಲು ಎರಡು ಅಳತೆಯಾದರೆ ಕರೆಂಟು ಸರಿಯಿಲ್ಲ. “ಮಷಿನ್ ಏನ್ ಮಾಡ್ತೈತಲೇ? ಅದರ ಮುಂದ ಕುಂತಾವ ನೆಟ್ಟಗಿರಬೇಕು” ಎಂದು ನಾನು ಗದರಿಸುತ್ತೇನೆ. ಹೀಗೆ ಗದರಿಸಿ ಗದರಿಸಿ ನನಗೆ ನ್ಯಾಯಾಧೀಶನ ಗತ್ತು ಬಂದುಬಿಟ್ಟಿತ್ತು. ಆ ಗತ್ತು ಇಳಿದದ್ದು ನಮ್ಮ ಮನೆಯ ಬಂದೂಕಿನಿಂದ.

ಬಂದೂಕು ಅಜ್ಜನದು. ಸಿರುಗುಪ್ಪ ತಾಲ್ಲೂಕಿನ ಕರೂರಿನಲ್ಲಿ ನಮ್ಮ ಭತ್ತದ ಗದ್ದೆಗಳಿವೆ. ಕಾಡುಹಂದಿಗಳನ್ನು ಓಡಿಸಬೇಕೆಂದು ಅಜ್ಜ ಬೆಳೆ ಕಾಯುವ ಲೈಸೆನ್ಸು ಮಾಡಿಸಿ ಈ ಪಾಯಿಂಟ್ ಟೂ ಟೂ ರೈಫಲ್ ತಂದಿದ್ದ. ಅವನ ಗುರಿಯ ಬಗ್ಗೆ ಊರಿನಲ್ಲಿ ಇರುವ ಕಥೆಗಳನ್ನೆಲ್ಲ ನಂಬಿದರೆ, ಹಂದಿಗಳು ಅವನ ಕೆಮ್ಮು ಕೇಳಿಯೇ ಪ್ರಾಣ ಬಿಡುತ್ತಿದ್ದವು. ಇಂದಿಗೂ ನಮ್ಮ ಮನೆತನಕ್ಕೆ ಕರೂರಿನಲ್ಲಿ ‘ಬಂದೂಕಿನೋರು’ ಎಂದೇ ಹೆಸರು. ಅಜ್ಜನ ನಂತರ ಲೈಸೆನ್ಸು ಅಪ್ಪನ ಹೆಸರಿಗೆ ಬಂತು. ಅಪ್ಪ ಈಗ ಬಳ್ಳಾರಿಯಲ್ಲಿ ನಮ್ಮ ಜೊತೆಗೇ ಇದ್ದಾರೆ. ಚುನಾವಣೆ ಬಂದಾಗಲೆಲ್ಲ ಬಂದೂಕಿಗೆ ಹಳೆಯ ಪಂಚೆ ಸುತ್ತಿ, ಪೊಲೀಸ್ ಠಾಣೆಗೆ ಒಪ್ಪಿಸಿ, ಚೀಟಿ ತೆಗೆದುಕೊಂಡು ಬರುತ್ತಾರೆ. ಫಲಿತಾಂಶದ ದಿನ ಊರೆಲ್ಲ ಯಾರು ಗೆದ್ದರು ಎಂದು ಕೇಳುತ್ತಿದ್ದರೆ ಅಪ್ಪ ಮಾತ್ರ ಠಾಣೆಯ ಕಟ್ಟೆಯ ಮೇಲೆ ಕುಳಿತು, “ನಮ್ಮದು ಯಾವಾಗ ಕೊಡ್ತೀರಿ?” ಎಂದು ಕೇಳುತ್ತಿರುತ್ತಾರೆ.

ಎಪ್ಪತ್ತೈದು ತುಂಬಿದ ಮೇಲೆ ಅಪ್ಪನಿಗೆ ಈ ಓಡಾಟ ಸಾಕಾಯಿತು. ಲೈಸೆನ್ಸನ್ನು ಮನೆಯ ಇನ್ನೊಬ್ಬರ ಹೆಸರಿಗೆ ಮಾಡಿಸಬೇಕೆಂದರು. ಹಕ್ಕುದಾರರು ಇಬ್ಬರು. ಒಬ್ಬ ನಾನು. ಇನ್ನೊಬ್ಬರು ಕುರುಗೋಡಿನಲ್ಲಿರುವ ನನ್ನ ಅಕ್ಕನ ಗಂಡ ಪಂಪಣ್ಣ. ನಮ್ಮ ಕಡೆ ಅಕ್ಕನ ಗಂಡನನ್ನು ಮಾವ ಎನ್ನುವುದು ರೂಢಿ. ಈ ಮಾವ ಮಿಲಿಟರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಈಗಲೂ ತಾಟಿನಲ್ಲಿ ರೊಟ್ಟಿಯನ್ನು ಸರಿಯಾಗಿ ಮಡಚಿ, ಅಂಚಿಗೆ ಅಂಚು ಸೇರಿಸಿಯೇ ಇಡುತ್ತಾರೆ. ಅಪ್ಪ ನನ್ನನ್ನು ಕರೆದು ಕೂರಿಸಿ ಹೇಳಿದರು: “ಮಂಜಾ, ನೀನು ಮಗ ಅದೀ, ನಿನಗ ಕೊಡಾಕ ನನಗೇನೂ ಅಡ್ಡಿ ಇಲ್ಲ. ಆದ್ರ ಬಂದೂಕ ಇಟ್ಕೊಂಡಾವಗ ಹೊಡಿಯಾಕ ಬರಬೇಕಲೇ. ನೂರು ಮೀಟರಿನಾಗ, ಚಾದ ಕಪ್ಪಿನ ಕೆಳಗಿನ ಬಸಿಯಷ್ಟು ಜಾಗದಾಗ ಐದು ಗುಂಡು ಹಾಕಿ ತೋರ್ಸು. ಕಾಗದಕ್ಕ ಸಹಿ ಹಾಕ್ತೀನಿ. ಇಲ್ಲಂದ್ರ ಪಂಪಣ್ಣಗ ಕೊಡ್ತೀನಿ.”

“ಅವರಿಗೇ ಕೊಟ್ಟುಬಿಡ್ರಿ ಮಾವಾರ” ಎಂದು ಒಳಗಿನಿಂದಲೇ ಅಪ್ಪನಿಗೆ ಹೇಳಿದಳು ನನ್ನ ಹೆಂಡತಿ ಗಿರಿಜಾ. “ಹಲ್ಲಿ ಓಡ್ಸಾಕ ನನ್ನ ಕರೀತಾರ, ಇವರಿಗ್ಯಾಕ ಬಂದೂಕ?”

ಮಾತು ನಿಜವೇ. ನಾನು ಬೇಟೆಗಾರನಲ್ಲ, ಆಗುವ ಆಸೆಯೂ ಇಲ್ಲ. ಆದರೂ ಆ ರೈಫಲ್ ಕುರುಗೋಡಿಗೆ ಹೋಗುತ್ತದೆ, ನಾಳೆ ಕರೂರಿನ ಬಸ್ ನಿಲ್ದಾಣದಲ್ಲಿ ಯಾರೋ ನನ್ನನ್ನು ‘ಬಂದೂಕಿನೋರ ಮಂಜಣ್ಣ’ ಎನ್ನುವ ಬದಲು ‘ಪ್ಯಾಂಟಿನ ಮಂಜಣ್ಣ’ ಎನ್ನುತ್ತಾರೆ ಎಂದು ನೆನೆದಾಗ ಬಂದೂಕು ನನಗೇ ಬೇಕು ಎನಿಸಿತು. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ.

ಊರಾಚೆಯ ರೈಫಲ್ ಕ್ಲಬ್ಬಿಗೆ ಸೇರಿದೆ. ಲೈಸೆನ್ಸು ಅಪ್ಪನ ಹೆಸರಿನಲ್ಲಿದ್ದುದರಿಂದ ಪ್ರತಿ ಭಾನುವಾರ ಅವರೂ ಜೊತೆಗೆ ಬಂದು, ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಮಂಡಕ್ಕಿ ಒಗ್ಗರಣೆಯ ಡಬ್ಬಿ ಬಿಚ್ಚುತ್ತಿದ್ದರು. ಮೊದಲ ದಿನ ಹೊಡೆದ ಐದು ಗುಂಡುಗಳಲ್ಲಿ ಎರಡು ಹಾಳೆಗೇ ತಾಗಲಿಲ್ಲ, ಉಳಿದ ಮೂರು ಒಂದಕ್ಕೊಂದು ಮಾತು ಬಿಟ್ಟವರ ಹಾಗೆ ಮೂರು ಮೂಲೆ ಹಿಡಿದಿದ್ದವು. ಬಂದೂಕು ಹಳೆಯದಾಯಿತು, ಅದನ್ನು ಸರಿಪಡಿಸಬೇಕು ಎಂದು ಆ ಕ್ಷಣವೇ ತೀರ್ಪು ಕೊಟ್ಟೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಕುಶಲಕರ್ಮ. ನಳಿಗೆಯ ಒಳಗೆ ಗಜವೆಂಬ ಉದ್ದನೆಯ ಸಲಾಕೆ ಹಾಕಿ, ಡೆನಿಮ್ಮಿನ ಚೂರಿನಿಂದ ಒರೆಸಿ ಒರೆಸಿ ಅಜ್ಜನ ಕಾಲದ ಕಿಟ್ಟ ತೆಗೆದೆ. ಮೇಲೊಂದು ದುರ್ಬೀನು ಕೂರಿಸಿದೆ. ಅದರ ಒಳಗಿನ ಅಡ್ಡಗೆರೆ, ನಿಂತ ಗೆರೆ ಕೂದಲೆಳೆಯಷ್ಟೂ ವಾಲಬಾರದು ಎಂದು ಕ್ಲಬ್ಬಿನವರು ಹೇಳಿದ್ದರು. ನಾನು ಜೀನ್ಸ್ ದಾರಕ್ಕೆ ತೂಕಕ್ಕೆಂದು ಮಷಿನ್ನಿನ ಬಾಬಿನ್ ಕಟ್ಟಿ ಹಿತ್ತಿಲ ನುಗ್ಗೆ ಮರಕ್ಕೆ ತೂಗುಬಿಟ್ಟು, ನಿಂತ ಗೆರೆಯನ್ನು ಆ ದಾರಕ್ಕೆ ಹೊಂದಿಸಿದೆ. ಸ್ಕ್ರೂಗಳನ್ನು ಒಂದೊಂದೇ ಸುತ್ತು, ಎಡಕ್ಕೊಂದು ಬಲಕ್ಕೊಂದು, ಸಮವಾಗಿ ಬಿಗಿದೆ. ಇಷ್ಟರಲ್ಲಿ ಬಂದೂಕಿಗೆ ಕೆಳಗಿನಿಂದ ಆಸರೆ ಕೊಡಲು ಒಂದು ದಿಂಬು ಬೇಕಾಯಿತು. ಪ್ಯಾಂಟಿನ ಒಂದು ಕಾಲನ್ನು ಕತ್ತರಿಸಿ ಹೊಲಿದು, ಊರಿನಿಂದ ಬಂದಿದ್ದ ಸೋನಾ ಭತ್ತ ತುಂಬಿದೆ. ಗಿರಿಜಾ ನೋಡಿದಳು.

“ಏನ್ರೀ, ಉಣ್ಣೋ ಭತ್ತದ ಮ್ಯಾಲೆ ಬಂದೂಕ ಇಡ್ತೀರಾ? ಲಕ್ಷ್ಮಿ ಅದು!” ಎಂದು ಭತ್ತವನ್ನು ಮೊರಕ್ಕೆ ಸುರಿದುಕೊಂಡಳು. ಬದಲಿಗೆ ಕಾರ್ಖಾನೆಯ ಕತ್ತರಿ ಚೂರುಗಳನ್ನು ತುಂಬಿದೆ. ದಿಂಬು ಮೆತ್ತಗಾಗಿ ರೈಫಲ್ ಅದರ ಮೇಲೆ ತೊಟ್ಟಿಲಂತೆ ತೂಗಿತು. ಕೊನೆಗೆ ಮರಳು ತುಂಬಿದ ಮೇಲೆ ಸರಿಹೋಯಿತು.

ಅಷ್ಟು ಹೊತ್ತಿಗೆ ಆಯುಧ ಪೂಜೆ ಬಂತು. ನಮ್ಮ ಕಾರ್ಖಾನೆಯ ಅಷ್ಟೂ ಮಷಿನ್ನುಗಳಿಗೆ ವಿಭೂತಿ, ಕುಂಕುಮ ಹಚ್ಚುವುದು ಗಿರಿಜಾಳ ಕೆಲಸ. ನಿಜವಾದ ಆಯುಧವೇ ಮನೆಯಲ್ಲಿರುವಾಗ ಬಿಡುತ್ತಾಳೆಯೇ? ಮುಂದಿನ ಎರಡು ಭಾನುವಾರ ದುರ್ಬೀನಿನಲ್ಲಿ ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ಕಂಡಿತು. ಬಳ್ಳಾರಿಯ ಧೂಳಿಗೆ ಇದು ಸಹಜ ಎಂದುಕೊಂಡು, ದುರ್ಬೀನಿಗೆ ಇರುವ ತಿರುಗಣೆ ಬಿರಡೆಗಳನ್ನೆಲ್ಲ ತಿರುಗಿಸಿ ತಿರುಗಿಸಿ ಬೆರಳು ನೋಯಿಸಿಕೊಂಡೆ. ಮೂರನೆಯ ಭಾನುವಾರ ಅಪ್ಪ ಎದ್ದು ಬಂದು ಮುಂದಿನ ಗಾಜನ್ನು ನೋಡಿ, ಹೆಗಲ ಮೇಲಿನ ಟವೆಲಿನಿಂದ ಮೂರು ಬೆರಳಿನ ವಿಭೂತಿ ಒರೆಸಿದರು. ಹೋಗಿ ಮಂಡಕ್ಕಿ ಮುಂದುವರಿಸಿದರು.

ಗಾಜು ಸ್ವಚ್ಛವಾದರೂ ಗುಂಡು ಬಸಿಗೆ ಬೀಳಲಿಲ್ಲ. ದುರ್ಬೀನಿನ ಮೇಲೊಂದು, ಪಕ್ಕಕ್ಕೊಂದು ಬಿರಡೆ ಇರುತ್ತವೆ. ಟಕ್ ಎಂದು ಒಂದು ಹಲ್ಲು ತಿರುಗಿಸಿದರೆ ಗುಂಡು ಬೀಳುವ ಜಾಗ ಸ್ವಲ್ಪ ಸರಿಯುತ್ತದೆ. ಕೆಳಗೆ ಬಿದ್ದರೆ ಮೇಲಕ್ಕೆ ನಾಲ್ಕು ಟಕ್, ಎಡಕ್ಕೆ ಬಿದ್ದರೆ ಬಲಕ್ಕೆ ಆರು ಟಕ್. ಒಂದೊಂದು ಗುಂಡಿಗೂ ನಾನು ಹೀಗೆ ತಿರುಗಿಸುತ್ತಾ ಹೋದೆ. ಎರಡು ಬಗೆಯ ತೋಟಾ ಬದಲಿಸಿದೆ. ಆಮೇಲೆ ತಪ್ಪು ಹೊರಿಸಲು ಗಾಳಿಯನ್ನು ಹಿಡಿದುಕೊಂಡೆ. ಬಿಸಿಲಿಗೆ ನೆಲದಿಂದ ಏಳುವ ಜಳವನ್ನು ಹಿಡಿದುಕೊಂಡೆ. ಒಂದು ಭಾನುವಾರ ಪಕ್ಕದವರ ಮೊಬೈಲನ್ನೂ ಹಿಡಿದುಕೊಂಡೆ. ಆದರೆ ನಾಲ್ಕು ಗುಂಡು ಯಾವಾಗಲೂ ಕೆಳಗೆ, ಎಡಕ್ಕೆ. ಐದನೆಯದು ಅದಕ್ಕೆ ತೋಚಿದಲ್ಲಿ.

ಕೊನೆಗೆ ಅಪ್ಪ ಒಂದು ದಿನ ಗೊತ್ತು ಮಾಡಿದರು. ಅಂದು ಪರೀಕ್ಷೆ. ಪರೀಕ್ಷಕರಾಗಿ ಕುರುಗೋಡಿನಿಂದ ಪಂಪಣ್ಣ ಮಾವ ಬಂದರು. ನನ್ನ ಪ್ರತಿಸ್ಪರ್ಧಿಯೇ ನನ್ನ ಪರೀಕ್ಷಕ! ರೈಫಲನ್ನು ತಿರುವಿ ಮುರುವಿ ನೋಡಿ, “ಭಾರಿ ಮಾಡೀ ಬಿಡಲೇ, ಮದುಮಗನಂಗ ಐತಿ” ಎಂದರು. ಬಿರಡೆಗಳನ್ನು ತಾವೇ ನಾಲ್ಕು ಸಲ ತಿರುಗಿಸಿ, ಮಲಗಿ, ಮೂರು ಗುಂಡು ಹಾರಿಸಿದರು. ಮೂರೂ ಬಸಿಯ ನಟ್ಟನಡುವೆ, ಒಂದನ್ನೊಂದು ತಬ್ಬಿಕೊಂಡಿದ್ದವು.

“ಈಗ ಗಾಳಿ ನಿಂತಿತ್ತು ಮಾವ” ಎಂದೆ.

“ಹೌದೇನು? ಹಂಗಾರ ಮಲಕ್ಕೋ. ನಾನು ತುಂಬಿ ಕೊಡ್ತೀನಿ, ನೀನು ಬರೇ ಹೊಡಿ.”

ಮಲಗಿದೆ. ಸದ್ದಿಗೆ ಏಕಾಗ್ರತೆ ಕೆಡಬಾರದೆಂದು ಕಿವಿಗೆ ಹತ್ತಿ, ಹತ್ತಿಯ ಮೇಲೆ ಕಿವಿಮುಚ್ಚಿಗೆ. ಮೊದಲನೆಯದು ಕೆಳಗೆ ಎಡಕ್ಕೆ. ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಉಸಿರು ಬಿಗಿಹಿಡಿದು ಬಂದೂಕಿನ ಕುದುರೆ ಎಳೆದೆ. ಭುಜ ಜಿಗಿಯಿತು, ಹಲ್ಲು ಕಚ್ಚಿಕೊಂಡವು. ತಲೆಯೆತ್ತಿ, ಅನುಭವಿಯ ದನಿಯಲ್ಲಿ ಹೇಳಿದೆ: “ಗಾಳಿ ಮತ್ತ ಎಡಕ್ಕ ಒಯ್ತು ಮಾವ.”

ಮಾವ ಕೈ ಚಾಚಿ ರೈಫಲಿನ ಬೋಲ್ಟು ಎಳೆದು ತೋರಿಸಿದರು. ಒಳಗೆ ತೋಟಾ ಇರಲಿಲ್ಲ. ತುಂಬುವ ನಾಟಕ ಮಾಡಿ ಖಾಲಿ ಬಂದೂಕು ಕೊಟ್ಟಿದ್ದರು. ನನಗೆ ಕೇಳಿದ ಮಂದವಾದ ಸದ್ದು ಪಕ್ಕದಲ್ಲಿ ಹೊಡೆಯುತ್ತಿದ್ದವರದು. ಹಾರದ ಗುಂಡನ್ನು ನಾನು ಗಾಳಿಯ ಪಾಲು ಮಾಡಿದ್ದೆ.

“ಕುದುರಿ ಎಳಿಯೋ ಹೊತ್ತಿಗೆ ಎರಡೂ ಕಣ್ಣು ಗಟ್ಟಿ ಮುಚ್ಚಿ, ಬಂದೂಕಿನ ಮೂತಿ ಕೆಳಗ ಒತ್ತತಾನ ನೋಡ್ರಿ” ಎಂದು ಮಾವ ಅಪ್ಪನಿಗೆ ವರದಿ ಒಪ್ಪಿಸಿದರು. ಈ ರೈಫಲ್ ಹಾರಿಸಿದಾಗ ಹಿಂದಕ್ಕೆ ಒದೆಯುವುದೇ ಇಲ್ಲ ಎಂಬುದನ್ನೂ ಸೇರಿಸಿದರು. ಅಪ್ಪ ನಕ್ಕರು. ಎಷ್ಟು ನಕ್ಕರೆಂದರೆ ಮಂಡಕ್ಕಿ ನೆತ್ತಿಗೇರಿ, ಮಾವ ಬೆನ್ನು ತಟ್ಟಬೇಕಾಯಿತು. ಕಾರ್ಖಾನೆಯಲ್ಲಿ ನಾನು ಬೈದ ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ನೆಲಕ್ಕೆ ಮುಖ ಹಚ್ಚಿ ಮಲಗಿದ್ದೆನಾದ್ದರಿಂದ ಮರ್ಯಾದೆಗೆ ಅಷ್ಟಾದರೂ ಮರೆ ಇತ್ತು.

ಅಪ್ಪ ಕಣ್ಣೊರೆಸಿಕೊಂಡು, “ನಿಮ್ಮಜ್ಜಾನೂ ಹಿಂಗೇ ಕಣ್ಣು ಮುಚ್ಚತಿದ್ದ” ಎಂದರು. “ಒಂದು ಹಂದೀನೂ ಹೊಡ್ದಾವಲ್ಲ ಅಂವ. ಸಪ್ಪಳಕ್ಕ ಓಡಿ ಹೋಗ್ತಿದ್ವು ಅಷ್ಟೇ. ಕಾಗದ ಕೊಡು ಇಲ್ಲಿ.”

ಅಂಗಿಯ ಜೇಬಿನಿಂದ ಪೆನ್ನು ತೆಗೆದು, ಖಾಲಿ ಬಿಟ್ಟಿದ್ದ ಜಾಗದಲ್ಲಿ ಹೆಸರು ತುಂಬಿ ಸಹಿ ಹಾಕಿದರು. ನೋಡಿದರೆ ಹೆಸರು ನನ್ನದು!

“ಅಪ್ಪಾ, ಬಸಿಗೆ ಒಂದೂ ಬೀಳಲಿಲ್ಲಲ್ಲ?”

“ಅದಕ್ಕೇ ಕೊಟ್ಟೀನಿ. ಪಂಪಣ್ಣನ ಕೈಗೆ ಕೊಟ್ರ ಕುರುಗೋಡು ಗುಡ್ಡದಾಗ ಏನೂ ಉಳಿಯೂದಿಲ್ಲ, ಆಮ್ಯಾಲೆ ಫಾರೆಸ್ಟ್‌ನೋರ ಹಿಂದ ನಾನು ತಿರಗಬೇಕು. ನಿನ್ನ ಕೈಯಾಗಿದ್ರ ಯಾರಿಗೂ ಭಯ ಇಲ್ಲ.” ಮಾವನೂ ನಗುತ್ತಾ, “ಖರೇ ಐತ್ರಿ” ಎಂದರು. ಮನೆಗೆ ಬಂದು ಹೇಳಿದರೆ ಗಿರಿಜಾಳಿಗೂ ಸಮಾಧಾನವಾಯಿತು. ಆ ದಿನದಿಂದ ಅವಳಿಗೆ ಚೆನ್ನಾಗಿ ನಿದ್ದೆ ಬರುತ್ತಿದೆಯಂತೆ.

ಮಾವ ಹೋಗುವಾಗ ಈ ಕಣ್ಣು ಮುಚ್ಚುವ ರೋಗಕ್ಕೆ ಒಂದು ಮದ್ದು ಹೇಳಿ ಹೋದರು. ಹಾರಿದ ತೋಟಾದ ಖಾಲಿ ಚಿಪ್ಪು ಹಾಕಿ, ನಳಿಗೆಯ ತುದಿಯಲ್ಲಿ ಒಂದು ನಾಣ್ಯ ಇಟ್ಟು, ಅದು ಬೀಳದ ಹಾಗೆ ಕುದುರೆ ಎಳೆಯಬೇಕು. ದಿನವೂ ಬೆಳಿಗ್ಗೆ ಅಪ್ಪನ ಎದುರಿಗೇ ಮಾಡಿದೆ. ಒಂದು ತಿಂಗಳು ನಾಣ್ಯ ಹೆಕ್ಕುವುದರಲ್ಲೇ ಕಳೆಯಿತು. ಆಮೇಲೆ ಅದು ಅಲ್ಲಾಡುವುದನ್ನು ನಿಲ್ಲಿಸಿತು, ನನ್ನ ಕಣ್ಣೂ ತೆರೆದೇ ಉಳಿಯತೊಡಗಿತು.

ಕಳೆದ ಭಾನುವಾರ ಕ್ಲಬ್ಬಿನಲ್ಲಿ ಹಾಳೆ ತರಲು ನಡೆದುಹೋದವನು ಅಲ್ಲೇ ನಿಂತುಬಿಟ್ಟೆ. ಐದೂ ಗುಂಡು ಬಸಿಯೊಳಗೆ. ಕೂಗಬೇಕೆನಿಸಿತು, ಕುಣಿಯಬೇಕೆನಿಸಿತು. ಅಷ್ಟರಲ್ಲಿ ನೆನಪಾಯಿತು: ಲೈಸೆನ್ಸಿನ ಕಾಗದ ಇನ್ನೂ ಆಫೀಸಿನಿಂದ ಹೊರಬಂದಿಲ್ಲ, ನನಗೆ ಗುರಿ ಬಂತೆಂದು ಗೊತ್ತಾದರೆ ಅಪ್ಪ ನಾಳೆಯೇ ಹೋಗಿ ಅದನ್ನು ವಾಪಸು ತರಬಹುದು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಸೇರಿಸಿದೆ.

“ಎಷ್ಟು ಬಿದ್ದಾವಲೇ?” ಎಂದರು ಅಪ್ಪ ಬೇವಿನ ಕೆಳಗಿನಿಂದ.

“ಒಂದೂ ಇಲ್ಲಪ್ಪಾ.”

“ಭೇಷ್” ಎಂದರು ಅಪ್ಪ.