ಬೈಂಡರಣ್ಣನ ಮಹಡಿಯ ಮೂರು ಕೋಣೆ

ತೊಂದರೆ ಶುರುವಾದದ್ದು ಅರ್ಜಿಯ ನಾಲ್ಕನೇ ಕಾಲಮ್ಮಿನಿಂದ. 'ಮನೆ ಕಟ್ಟಿದ ವರ್ಷ' ಎಂದು ಅಲ್ಲಿ ಅಚ್ಚಾಗಿತ್ತು, ಮುಂದೆ ಚುಕ್ಕಿಗಳ ಸಾಲು. ಬೈಂಡರಣ್ಣ ಆ ಚುಕ್ಕಿಗಳನ್ನು ಮೂರು ದಿನ ದಿಟ್ಟಿಸಿ ನೋಡಿ, ಕೊನೆಗೆ 'ತುಂಬಾ ಹಿಂದೆ' ಎಂದು ಬರೆದು ಕಳಿಸಿಬಿಟ್ಟ.

ಸುಳ್ಳೇನೂ ಬರೆದಿರಲಿಲ್ಲ. ಅದು ಅವನ ತಾತ ಯಾರಿಂದಲೋ ಕೊಂಡ ಮನೆ. ಆ ಯಾರೋ ಇನ್ಯಾರಿಂದಲೋ ಕೊಂಡಿದ್ದರು. ನಲವತ್ತು ವರ್ಷ ಊರವರ ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ, ಅಂಟು ಬಳಿದು, ರಟ್ಟು ಕಟ್ಟಿ ಕೊಟ್ಟವನಿಗೆ ತನ್ನ ಮನೆಯ ಮೊದಲ ಪುಟ ಮಾತ್ರ ಎಲ್ಲಿ ಕಳೆದುಹೋಗಿದೆಯೋ ತಿಳಿದಿರಲಿಲ್ಲ.

ಅರ್ಜಿ ಹೋದದ್ದು ನಗರದ ಕಚೇರಿಗೆ. ಹಳೇ ಪೇಟೆಗೆ ಬರುವ ಪ್ರವಾಸಿಗರಿಗಾಗಿ ಅಲ್ಲಿ ಒಂದು ಪುಸ್ತಕ ತಯಾರಾಗುತ್ತಿತ್ತು. ಮೊದಲರ್ಧ 'ನೋಡುವ ಸ್ಥಳಗಳು', ಉಳಿದರ್ಧ 'ತಂಗುವ ಮನೆಗಳು'. ಬೈಂಡರಣ್ಣನಿಗೆ ಬೇಕಾಗಿದ್ದದ್ದು ಎರಡನೇ ಅರ್ಧದಲ್ಲಿ ಒಂದೇ ಒಂದು ಸಾಲು. ಜನ ಪುಸ್ತಕಕ್ಕೆ ರಟ್ಟು ಕಟ್ಟಿಸುವುದನ್ನು ಬಿಟ್ಟಮೇಲೆ ಅವನು ಮಹಡಿಯ ಮೂರು ಕೋಣೆಗೆ ಸುಣ್ಣ ಬಳಿದು, ಮಂಚ ಹಾಕಿ, ಬಾಗಿಲಿಗೆ ಬೋರ್ಡು ತೂಗುಹಾಕಿದ್ದ. ಎಂಟು ತಿಂಗಳಾಗಿತ್ತು. ಬಂದು ಮಲಗಿದ ಅತಿಥಿ ಒಬ್ಬನೇ, ಹೆಂಡತಿಯ ತಮ್ಮ.

ಅವನಿಗೆ ಬೀದಿಯವರು ಇಟ್ಟ ಹೆಸರು ಪೀಪಿ. ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ. ಬೆಳಗಿನ ಐದು ಗಂಟೆಗೆ ಉಸಿರು ಚೆನ್ನಾಗಿ ಬರುತ್ತದೆ ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಹಾಗೆ ಹೇಳಿಕೊಟ್ಟವರನ್ನು ಇಡೀ ಬೀದಿ ಹುಡುಕುತ್ತಿತ್ತು. ಪೀಪಿ ಇದ್ದದ್ದು ನಾಲ್ಕೇ ದಿನ. ಎರಡನೇ ದಿನ ಸೂರಿನ ಪಾರಿವಾಳಗಳು ಗಂಟುಮೂಟೆ ಕಟ್ಟಿದವು. ಮೂರನೇ ದಿನ ಎದುರು ಕಟಿಂಗ್ ಅಂಗಡಿಯವನ ಕೈ ನಡುಗಿ ಒಬ್ಬ ಗಿರಾಕಿಯ ಮೀಸೆ ಅರ್ಧ ಹೋಯಿತು. ಉಳಿದರ್ಧವನ್ನು ಅವನು ನ್ಯಾಯವಾಗಿ ಬಿಟ್ಟಿಯಾಗಿ ತೆಗೆದುಕೊಟ್ಟ.

"ರೀ, ಆ ಪುಸ್ತಕದಲ್ಲಿ ನಮ್ಮನೆ ಬಂತೋ ಸರಿ," ಎಂದಿದ್ದಳು ಹೆಂಡತಿ. "ಬರಲಿಲ್ಲ ಅಂದ್ರೆ ಒಂದನೇ ತಾರೀಕಿಂದ ಮಹಡಿ ನನ್ನ ತಮ್ಮನಿಗೆ. ಪಾಪ, ಅವನಿರೋ ಮನೆಯವರು ಮತ್ತೆ ಖಾಲಿ ಮಾಡು ಅಂತಿದ್ದಾರಂತೆ."

"ಯಾಕಂತೆ?"

"ಸಂಗೀತದ ಗಂಧ ಇಲ್ಲದ ಜನ."

ಈ ಮಾತು ಬೀದಿಯ ಕಿವಿಗೆ ಬೀಳಲು ಅರ್ಧ ಗಂಟೆ ಸಾಕಾಯಿತು. ಹೀಗಾಗಿ ಕಚೇರಿಯ ಮೇಡಮ್ಮು ಮನೆ ನೋಡಲು ಬರುವ ದಿನ ಬೆಳಿಗ್ಗೆ ಬೈಂಡರಣ್ಣ ಒಬ್ಬನೇ ಇರಲಿಲ್ಲ. ಎಡಕ್ಕೆ ಕಟಿಂಗ್ ಅಂಗಡಿಯವ, ಬಲಕ್ಕೆ ಇಸ್ತ್ರಿ ಅಕ್ಕ, ಬೆನ್ನಿಗೆ ನಿವೃತ್ತ ಪೋಸ್ಟ್‌ಮ್ಯಾನ್ ತಾತ. ಮೂವರೂ ಮದುವೆಗೆ ಹೊರಟವರ ಹಾಗೆ ಬಟ್ಟೆ ಹಾಕಿಕೊಂಡಿದ್ದರು.

"ಬೈಂಡರಣ್ಣ, ನೀನು ಬಾಯಿ ಬಿಡಬೇಡ. ನಿನಗೆ ನಿಜ ಹೇಳೋ ಚಾಳಿ ಇದೆ," ಎಂದ ಕಟಿಂಗ್ ಅಂಗಡಿಯವ. "ಹಳೇ ಮನೆ ಅಂದ್ರೆ ಈ ಪ್ರವಾಸಿಗರು ಪ್ರಾಣ ಬಿಡ್ತಾರೆ. ಎಷ್ಟು ಹಳೇದು ಮಾಡ್ಬೇಕು ಅನ್ನೋದು ನಮಗೆ ಬಿಡು."

ಮೇಡಮ್ಮು ಕುಳ್ಳಗಿದ್ದರು. ಅವರ ಹೆಗಲ ಚೀಲ ಅವರಿಗಿಂತ ದಪ್ಪವಾಗಿತ್ತು. "ಮೊದಲು ಬೀದಿ ನೋಡೋಣ, ಆಮೇಲೆ ಮನೆ," ಎಂದರು.

ಬೀದಿ ತೋರಿಸುವುದೆಂದರೆ ಬೈಂಡರಣ್ಣನಿಗೆ ಹುರುಪು. ಬಾಯಿ ಬಿಡಬಾರದೆಂಬುದು ಅವನಿಗೆ ಗಡಿಯಾರದ ಗೋಪುರ ತಲುಪುವವರೆಗೂ ನೆನಪಿನಲ್ಲಿ ಉಳಿಯಲಿಲ್ಲ.

"ಇದಕ್ಕೆ ಮೂರೇ ಮುಖ ಇದೆಯಲ್ಲ?" ಎಂದರು ಮೇಡಮ್ಮು ಕತ್ತೆತ್ತಿ.

"ನಾಲ್ಕನೇ ಕಡೆಯ ಬೀದಿಯವರು ಕಟ್ಟೋವಾಗ ಕೈ ಜೋಡಿಸಲಿಲ್ಲ ಮೇಡಮ್," ಎಂದ ಬೈಂಡರಣ್ಣ. " ಹಾಗಾದ್ರೆ ನಿಮಗೆ ಗಂಟೆ ತೋರಿಸಲ್ಲ ಹೋಗಿ ಅಂತ ನಮ್ಮ ಹಿರಿಯರು ಆ ಕಡೆ ಬರೀ ಗೋಡೆ ಎಬ್ಬಿಸಿಬಿಟ್ರು. ಇವತ್ತಿಗೂ ಆ ಬೀದಿಯವರು ಮದುವೆಗೆ ಬರೋದು ಊಟ ಮುಗಿದ ಮೇಲೆ."

ಮೇಡಮ್ಮು ನಕ್ಕು ಬರೆದುಕೊಂಡರು. "ಎಷ್ಟು ವರ್ಷದ್ದು?"

"ನೂರಾ ಹತ್ತು," ಎಂದು ತಾತ ಮುಂದೆ ಬಂದ. "ಇದಕ್ಕೆ ಕಲ್ಲು ಹೊತ್ತವರು ಮಧ್ಯಾಹ್ನ ಅಡ್ಡಾಗ್ತಿದ್ದದ್ದು ಬೈಂಡರಣ್ಣನ ಮನೆ ಜಗಲೀಲಿ. ಆಗ್ಲೇ ಅದು ಹಳೇ ಜಗಲಿ."

ಮುಂದೆ ಸಿಂಹದ ಬಾಯಿಯ ಕಲ್ಲು ನಲ್ಲಿ. ನೀರು ಹಿಡಿಯಲು ಬಂದವರೆಲ್ಲ ಸವರಿ ಸವರಿ ಸಿಂಹದ ಮೂಗು ಸವೆದು ಬೆಕ್ಕಿನ ಮೂಗಾಗಿತ್ತು.

"ಅರ್ಧ ಮೂಗು ನಾನೇ ಸವೆಸಿದ್ದೀನಿ ಮೇಡಮ್," ಎಂದಳು ಇಸ್ತ್ರಿ ಅಕ್ಕ ಎದೆಯುಬ್ಬಿಸಿ. "ಇದನ್ನ ಕೆತ್ತಿದ ಶಿಲ್ಪಿ ಎಲ್ಲಿ ಉಳ್ಕೊಂಡಿದ್ದ ಹೇಳಿ ನೋಡೋಣ? ಬೈಂಡರಣ್ಣನ ಮನೇಲಿ! ನೂರೈವತ್ತು ವರ್ಷದ ಹಿಂದೆ."

ಕಮಾನು ಬಾಗಿಲ ಹತ್ತಿರ ಬರುವಷ್ಟರಲ್ಲಿ ಕಟಿಂಗ್ ಅಂಗಡಿಯವನಿಗೆ ತಡೆಯಲಾಗಲಿಲ್ಲ. ಕಮಾನಿನಡಿಯಲ್ಲಿ ಒಮ್ಮೆ ಹುಲ್ಲಿನ ಗಾಡಿ ಸಿಕ್ಕಿಹಾಕಿಕೊಂಡು ಮೂರು ದಿನ ಊರಿಗೆ ಊರೇ ಸುತ್ತಿ ಬಳಸಿ ಓಡಾಡಿದ ಕತೆಯನ್ನು ಬೈಂಡರಣ್ಣ ಸವಿಸ್ತಾರವಾಗಿ ಹೇಳುತ್ತಿದ್ದಾಗಲೇ ಅವನು ನುಗ್ಗಿದ. "ಇನ್ನೂರು ವರ್ಷದ ಕಮಾನು ಮೇಡಮ್. ಸ್ವಲ್ಪ ಓರೆಯಾಗಿ ಕಾಣ್ತಿದೆ ಅಲ್ವಾ? ಬೈಂಡರಣ್ಣನ ಮನೆ ಬೆಳಕಿಗೆ ಅಡ್ಡ ಆಗಬಾರದು ಅಂತ ಎರಡಡಿ ಪಕ್ಕಕ್ಕೆ ಸರಿಸಿ ಕಟ್ಟಿದ್ದು!"

ಒಂದೇ ಬೆಳಿಗ್ಗೆಯಲ್ಲಿ ಮನೆಗೆ ಇನ್ನೂರು ವರ್ಷ ತುಂಬಿತು. ಬೈಂಡರಣ್ಣನಿಗೂ ಹತ್ತು ವರ್ಷ ಜಾಸ್ತಿಯಾದಂತೆ ಕಂಡಿತು.

ಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ತಮ್ಮನ ಮೇಲೆ ಎಷ್ಟು ಪ್ರೀತಿಯಿದ್ದರೂ ಬಂದವರಿಗೆ ಮನೆಯನ್ನು ಚೊಕ್ಕಟವಾಗಿ ತೋರಿಸದೆ ಇರುವ ಹೆಂಗಸಲ್ಲ ಅವಳು. ಮಹಡಿಯ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

"ಬಿಸಿನೀರು ಬರತ್ತಾ?" ಎಂದರು ಮೇಡಮ್ಮು.

"ಎರಡೇ ನಿಮಿಷ ಮೇಡಮ್, ಹೊಸ..."

"ಬಿಸಿನೀರಾ!" ಎಂದು ಕಟಿಂಗ್ ಅಂಗಡಿಯವ ಅವಳ ಮಾತಿಗೆ ಕತ್ತರಿ ಹಾಕಿದ. "ಈ ಬಚ್ಚಲಲ್ಲಿ ಒಬ್ಬ ದಂಡನಾಯಕ ಸ್ನಾನ ಮಾಡಿದ್ದಾನೆ!"

"ಯಾರ್ರೀ ಅವನು?" ಹೆಂಡತಿ ಗಂಡನ ಕಡೆ ತಿರುಗಿದಳು. "ನಮ್ಮನೆ ಬಚ್ಚಲಿಗೆ ಯಾವಾಗ ಬಂದಿದ್ದ? ನಾನೆಲ್ಲಿಗೆ ಹೋಗಿದ್ದೆ?"

ಮೇಡಮ್ಮು ಮಂಚವನ್ನು ಕೈಯಲ್ಲಿ ಒತ್ತಿ ನೋಡಿದರು. "ಅಲ್ಲಾಡಲ್ವಾ?"

"ಇನ್ನೂರು ವರ್ಷದಿಂದ ಅಲ್ಲಾಡಿಲ್ಲ," ಎಂದ ತಾತ.

"ಅಯ್ಯೋ, ಹೋದ ವರ್ಷ ತಗೊಂಡಿದ್ದು! ರಸೀದಿ ಇದೆ!" ಎಂದಳು ಹೆಂಡತಿ.

"ರಸೀದಿಯೂ ಹಳೇದೇ," ಎಂದು ಬೈಂಡರಣ್ಣನ ಬಾಯಿಂದ ತಾನಾಗಿ ಬಂತು. ಬಂದಮೇಲೆ ಅವನಿಗೇ ದಿಗಿಲಾಯಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನು ಹೇಳಿದಾಗ ಹೀಗೇ ಆಗುವುದು, ಎಲ್ಲಿ ನಿಲ್ಲಿಸಬೇಕೆಂದು ತಿಳಿಯುವುದಿಲ್ಲ.

ಇಳಿಯುವಾಗ ಮೆಟ್ಟಿಲಿನ ಮೇಲೆ ಒಂದು ಕುಳಿ ಮೇಡಮ್ಮಿನ ಕಣ್ಣಿಗೆ ಬಿತ್ತು. ಬೈಂಡರಣ್ಣ ಅದರ ಮೇಲೆ ಪಾದ ಇಡಲು ನೋಡಿದ, ತಡವಾಗಿತ್ತು. ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸನ್ನು ಹತ್ತಿಸುವಾಗ ಕೈತಪ್ಪಿ ಬಿದ್ದು ಆದ ಕುಳಿ ಅದು. ಅದೇ ದಿನ ಅವನ ಹೆಬ್ಬೆರಳಿನ ಉಗುರೂ ಹೋಗಿತ್ತು.

"ಅದು ದಂಡನಾಯಕನ ಕುದುರೆ ಗೊರಸು," ಎಂದಳು ಇಸ್ತ್ರಿ ಅಕ್ಕ. "ಕುದುರೆ ಮೇಲೇ ಮಹಡಿ ಹತ್ತಿದ ಮಹಾರಾಯ."

ಮೇಡಮ್ಮು ಚೀಲದಿಂದ ಟೇಪು ತೆಗೆದು, ಮೆಟ್ಟಿಲ ಮೇಲೆ ಕೂತೇಬಿಟ್ಟರು. ಅಳೆದರು. ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಅಳೆದರು. "ಒಂದೇ ಗೊರಸು ಇದೆ. ಮಿಕ್ಕ ಮೂರು ಕಾಲು?"

ಮೂವರೂ ಒಟ್ಟಿಗೆ ಉಸಿರೆತ್ತಿದರು.

"ಕುಂಟು ಕುದುರೆ," ಎಂದಳು ಅಕ್ಕ.

"ಒಂದೇ ನೆಗೆತಕ್ಕೆ ಮೇಲೆ ಹೋಯ್ತು," ಎಂದ ಕಟಿಂಗ್ ಅಂಗಡಿಯವ.

"ಮಿಕ್ಕ ಮೆಟ್ಟಿಲು ಬದಲಾಯಿಸಿದ್ದಾರೆ," ಎಂದ ತಾತ.

"ಮೇಡಮ್, ನಿಜ ಹೇಳ್ಬೇಕು ಅಂದ್ರೆ ಅದು..." ಎಂದು ಬೈಂಡರಣ್ಣ ತೊಡಗಿದ. ಅಕ್ಕ ಹಿಂದಿನಿಂದ ಅವನ ತೋಳು ಜಿಗುಟಿದಳು. "...ದೊಡ್ಡ ಕುದುರೆ," ಎಂದು ಮುಗಿಸಿದ.

ಮೇಡಮ್ಮು ಟಾರ್ಚು ಹಿಡಿದು ಅಟ್ಟ ಹತ್ತಿದರು. ತೊಲೆ ತಟ್ಟುವ ಸದ್ದು, ಗೋಡೆ ಕೆರೆಯುವ ಸದ್ದು, ಒಂದೆರಡು ಸೀನು. ಕೆಳಗೆ ನಾಲ್ವರೂ ಜಗಲಿಯಲ್ಲಿ, ಫಲಿತಾಂಶಕ್ಕೆ ಕಾದ ಶಾಲೆಯ ಮಕ್ಕಳ ಹಾಗೆ ಸಾಲಾಗಿ ಕೂತರು. ಒಂದು ಗಂಟೆ ಕಳೆದ ಮೇಲೆ ಮೇಡಮ್ಮು ತಲೆಯ ಮೇಲೆ ಜೇಡರ ಬಲೆಯ ಕುಲಾವಿ ಹಾಕಿಕೊಂಡು ಇಳಿದುಬಂದರು.

"ಕುದುರೆ, ದಂಡನಾಯಕ ಇದ್ಯಾವುದನ್ನೂ ನಾನು ಬರ್ಕೊಂಡಿಲ್ಲ," ಎಂದರು. "ಮೂವತ್ತು ವರ್ಷದಿಂದ ಇದೇ ಕೆಲಸ ನನ್ನದು. ಪ್ರತಿ ಬೀದೀಲೂ ಒಬ್ಬ ದಂಡನಾಯಕ ಸ್ನಾನ ಮಾಡಿರ್ತಾನೆ."

ನಾಲ್ಕು ತಲೆಗಳು ಬಗ್ಗಿದವು. ಬೈಂಡರಣ್ಣನ ಕಿವಿಯಲ್ಲಿ ಆಗಲೇ ಟ್ರಂಪೆಟ್ ಮೊಳಗತೊಡಗಿತ್ತು.

"ಆದ್ರೆ ನಿಮ್ಮ ಅಟ್ಟದಲ್ಲಿ ಒಂದೇ ಒಂದು ಮೊಳೆ ಇಲ್ಲ. ಮರಕ್ಕೆ ಮರ ಕಚ್ಚಿಸಿ ನಿಲ್ಲಿಸಿದ್ದಾರೆ. ನಡುತೊಲೆ ಮೇಲೆ ಬಡಗಿಗಳು ವರ್ಷ ಕೆತ್ತಿದ್ದಾರೆ, ಮಸಿ ಒರೆಸಿದೆ, ಸಿಕ್ತು. ಇನ್ನೂರ ಎಂಬತ್ತಾರು ವರ್ಷ ಆಯ್ತು. ಇಡೀ ಪೇಟೇಲಿ ಇದಕ್ಕಿಂತ ಹಿರಿಯ ಮನೆ ಇನ್ನೊಂದಿಲ್ಲ ಯಜಮಾನರೇ."

ಬೈಂಡರಣ್ಣ ಎದ್ದು ನಿಂತ. ದಿನವೂ ಬೆನ್ನು ಒರಗಿಸಿ ಕೂರುತ್ತಿದ್ದ ಗೋಡೆ ಅದು. ಒರಗಿದ್ದು ತಪ್ಪಾಯಿತೇನೋ ಎಂಬಂತೆ ಅದನ್ನು ಮೆಲ್ಲಗೆ ಅಂಗೈಯಿಂದ ಮುಟ್ಟಿದ. ತನ್ನ ತಾತ, ಅವನಿಗೂ ಹಿಂದೆ ಇದ್ದವರು, ಹೆಸರೂ ಗೊತ್ತಿಲ್ಲದ ಯಾರು ಯಾರೋ ಬಡಗಿಗಳು, ಅವರ ಬೆವರು, ಎಲ್ಲವೂ ಬೆಚ್ಚಗೆ ಅಲ್ಲೇ ಇದ್ದಂತೆ ಅನಿಸಿತು. ಅವನ ಕಣ್ಣು ತುಂಬಿಬಂತು.

ಕಟಿಂಗ್ ಅಂಗಡಿಯವ ತಲೆಯ ಮೇಲೆ ಕೈಹೊತ್ತ. "ಥತ್, ನಾವು ಹೇಳಿದ ಸುಳ್ಳು ನಿಜಕ್ಕಿಂತ ಚಿಕ್ಕದಾಯ್ತಲ್ಲಪ್ಪಾ!"

ಮೇಡಮ್ಮು ಚೀಲದಿಂದ ಕೆಂಪು ಚೀಟಿಯೊಂದನ್ನು ತೆಗೆದು ಬಾಗಿಲ ಚೌಕಟ್ಟಿನ ಪಕ್ಕ ಅಂಟಿಸಿದರು. 'ರಕ್ಷಿತ ಕಟ್ಟಡ. ನೋಡುವ ವೇಳೆ ಹತ್ತರಿಂದ ಐದು.' "ಪುಸ್ತಕದ ಮೊದಲ ಪುಟದಲ್ಲೇ ನಿಮ್ಮನೆ ಚಿತ್ರ ಬರತ್ತೆ."

"ಮತ್ತೆ ತಂಗುವ ಮನೆ ಪಟ್ಟೀಲಿ ಮೇಡಮ್?"

"ಅದು ಹೇಗಾಗತ್ತೆ? ರಕ್ಷಿತ ಕಟ್ಟಡದಲ್ಲಿ ಅತಿಥಿಗಳನ್ನ ಮಲಗಿಸೋ ಹಾಗಿಲ್ಲ. ನೂರು ವರ್ಷದೊಳಗಿನ ಮನೆಯಾಗಿದ್ರೆ ನಾನು ಬಿಸಿನೀರು, ಮಂಚ ನೋಡಿ ಹಳದಿ ಚೀಟಿ ಅಂಟಿಸಿ ಹೋಗ್ತಿದ್ದೆ. ನೀವೆಲ್ಲ ಹಳೇದು ಹಳೇದು ಅಂತ ಅಷ್ಟು ಹೇಳಿದ್ದಕ್ಕೇ ಅಟ್ಟ ಹತ್ತಿದ್ದು."

ಕಟಿಂಗ್ ಅಂಗಡಿಯವ ತಕ್ಷಣ ದಾರಿ ಬದಲಿಸಿದ. "ಮೇಡಮ್, ಆ ತೊಲೆ ಮೊನ್ನೆ ಮೊನ್ನೆ ತಂದಿದ್ದು!"

"ನಾನೇ ಕಣ್ಣಾರೆ ನೋಡಿದೆ," ಎಂದಳು ಇಸ್ತ್ರಿ ಅಕ್ಕ. "ಲಾರೀಲಿ ಬಂತು."

ಮೇಡಮ್ಮು ನಗುತ್ತಾ ಪೆನ್ನಿನ ಮುಚ್ಚಳ ಹಾಕಿದರು. ಅಷ್ಟರಲ್ಲಿ ತಾತ ಬೈಂಡರಣ್ಣನ ಕಿವಿಗೆ ಬಾಯಿ ಹಚ್ಚಿದ. "ಲೋ, ಯಾರೂ ಮಲಗೋ ಹಾಗಿಲ್ಲ ಅಂದ್ರೆ ಪೀಪಿಯೂ ಮಲಗೋ ಹಾಗಿಲ್ಲ ಕಣೋ!"

ಬೈಂಡರಣ್ಣನ ಮುಖ ದೀಪ ಹಚ್ಚಿದಂತಾಯಿತು. ಅವನ ಮುಖದಿಂದ ಅಕ್ಕನ ಮುಖಕ್ಕೆ, ಅಲ್ಲಿಂದ ಕಟಿಂಗ್ ಅಂಗಡಿಯವನ ಮುಖಕ್ಕೆ ಬೆಳಕು ದಾಟಿತು. ಅತಿಥಿಗಳು ಬರದಿದ್ದರೆ ಬೇಡ. ಪೇಟೆಗೇ ಹಿರಿಯ ಮನೆ, ಮೊದಲ ಪುಟದ ಚಿತ್ರ, ಅದರ ಮೇಲೆ ಬೆಳಗಿನ ನಿದ್ದೆ! ಇನ್ನೇನು ಬೇಕು?

"ಹಾಂ, ಒಂದು ಮಾತು ಮರೆತಿದ್ದೆ," ಎಂದರು ಮೇಡಮ್ಮು ಮೆಟ್ಟಿಲಿಳಿಯುತ್ತಾ. "ಮರದ ಕಟ್ಟಡ ನೋಡಿ, ಬೆಂಕಿ ಭಯ. ಕಚೇರಿಯಿಂದ ಒಬ್ಬ ಕಾವಲುಗಾರನ್ನ ನೇಮಿಸ್ತೀವಿ. ಅವನು ಮಹಡೀಲೇ ವಾಸ ಇರಬೇಕು. ಏನಾದ್ರೂ ಆದ್ರೆ ಇಡೀ ಬೀದಿ ಎದ್ದು ಕೂರೋ ಹಾಗೆ ಎಚ್ಚರಿಸೋ ಶಕ್ತಿ ಇರಬೇಕು. ಯಜಮಾನರು ಆಗೋ ಹಾಗಿಲ್ಲ, ಮನೆಯವರ ಗುರುತಿನವರು ಯಾರಾದ್ರೂ ಇದ್ದರೆ..."

"ಇದ್ದಾನೆ ಮೇಡಮ್," ಎಂದಳು ಹೆಂಡತಿ. ಆ ಬೆಳಿಗ್ಗೆಯಿಂದ ಅವಳ ಮಾತಿಗೆ ಯಾರೂ ಅಡ್ಡ ಬರದಿದ್ದದ್ದು ಅದೇ ಮೊದಲು. "ನನ್ನ ತಮ್ಮ."

ಸಂಜೆ ನಾಲ್ಕೂವರೆಗೆ ಒಬ್ಬ ಗಂಡ, ಒಬ್ಬ ಹೆಂಡತಿ, ಎರಡು ಪೆಟ್ಟಿಗೆ ಬಾಗಿಲಲ್ಲಿ ಬಂದು ನಿಂತವು. "ರೂಮು ಇದೆಯಾ?" ಎಂಟು ತಿಂಗಳಲ್ಲಿ ಆ ಪ್ರಶ್ನೆ ಕೇಳಿದವರಲ್ಲಿ ಅವರೇ ಮೊದಲಿಗರು.

ಬೈಂಡರಣ್ಣ ಕೆಂಪು ಚೀಟಿ ತೋರಿಸಿದ. ಆದರೆ ಬಂದವರನ್ನು ಹಾಗೆಯೇ ಕಳಿಸಲು ಮನಸ್ಸು ಬರಲಿಲ್ಲ. ಒಳಗೆ ಕರೆದು ಜಗಲಿಯಿಂದ ಅಟ್ಟದವರೆಗೆ ತೋರಿಸಿದ. "ಒಂದೇ ಒಂದು ಮೊಳೆ ಇಲ್ಲ ನೋಡಿ," ಎಂದು ತೊಲೆ ತಟ್ಟಿ ಹೇಳುವಾಗ ಅವನ ದನಿ ತಾನೇ ಕಟ್ಟಿದವನ ದನಿಯಂತಿತ್ತು. ಗಂಡ ಹೆಂಡತಿ ಬೆರಗಾಗಿ ಕೇಳಿದರು.

ಕೆಳಗೆ ಇಳಿಯುತ್ತಿರುವಾಗ ತಲೆಯ ಮೇಲೆ ಹಾಸಿಗೆ ಸುರುಳಿ, ಕಂಕುಳಲ್ಲಿ ಉದ್ದನೆಯ ಪೆಟ್ಟಿಗೆ, ಮುಖದ ತುಂಬ ನಗು ಹೊತ್ತ ಒಬ್ಬ ಮನುಷ್ಯ ಎದುರಾಗಿ, "ಭಾವ, ಸ್ವಲ್ಪ ಜರುಗಿ," ಎಂದು ಮೂವರನ್ನೂ ಗೋಡೆಗೆ ಒತ್ತಿ ಮೇಲೆ ಹೋದ.

"ಯಾರಿಗೂ ಇಲ್ಲಿ ಉಳ್ಕೊಳ್ಳೋಕೆ ಬಿಡಲ್ಲ ಅಂದ್ರಿ," ಎಂದಳು ಆ ಹೆಂಗಸು. "ಮತ್ತೆ ಇವರು ಯಾರು?"

ಬೈಂಡರಣ್ಣ ಬೆನ್ನು ನೇರ ಮಾಡಿಕೊಂಡ.

"ಅವರು," ಎಂದ, "ಸರ್ಕಾರದವರು."